ಕೂದಲು ತೋರಿಸಿ ಬಾಟಲಿ ಮಾರಿದವರು

ಹೋದ ತಿಂಗಳು ಒಂದು ಹೇರ್ ಕ್ಲಿನಿಕ್‌ಗೆ ಹೋಗಿದ್ದೆ. ನನ್ನ ತಲೆ ನೋಡೋಕೆ ಮುಂಚೆನೇ ಫೋಟೋ ಆಲ್ಬಂ ಬಂತು, ಹಿಂದೆನೇ ಇಎಂಐ ಲೆಕ್ಕ. ನನಗೆ ನೆನಪಾಗಿದ್ದು ಸದರ್ಲ್ಯಾಂಡ್ ಅಕ್ಕತಂಗಿಯರು.

1880ರ ದಶಕದ ಅಮೆರಿಕ. ನ್ಯೂಯಾರ್ಕ್ ರಾಜ್ಯದ ಈ ಏಳು ಜನ ವೇದಿಕೆ ಮೇಲೆ ಹಾಡೋರು, ಆಮೇಲೆ ಕೂದಲು ಬಿಚ್ಚೋರು. ಉದ್ದ ನೋಡಿ ಜನ ಮರುಳಾದ್ರು. ಅದೇ ಹೆಸರಲ್ಲಿ ಮನೆಯವರು ಕೂದಲು ಬೆಳೆಸೋ ಬಾಟಲಿ ಮಾರಿ ಸಿಕ್ಕಾಪಟ್ಟೆ ದುಡ್ಡು ಮಾಡಿದ್ರು. ಕೂದಲೇನೋ ನಿಜ. ಆದ್ರೆ ಅದು ಹುಟ್ಟಿನಿಂದ ಬಂದಿದ್ದು, ಬಾಟಲಿಯಿಂದಲ್ಲ.

ಮಿನಾಕ್ಸಿಡಿಲ್ ಕಥೆ ಬೇರೆ. 1979ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಬಿಪಿ ಮಾತ್ರೆಯಾಗಿ. ತಗೊಂಡವರ ಮೈಮೇಲೆ ಕೂದಲು ಬೆಳೀತು. ಹಾಗಂತ ಸೀದಾ ಮಾರೋಕೆ ಬಿಡಲಿಲ್ಲ. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಔಷಧಿ ಇಲ್ಲದ ದ್ರಾವಣ ಕೊಟ್ಟು ಹೋಲಿಸಿದ್ರು. ತಲೆಗೆ ಹಚ್ಚೋ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಅದೂ ಎಲ್ಲರಿಗೂ ಕೆಲಸ ಮಾಡಲ್ಲ. ಹಚ್ಚೋದು ನಿಲ್ಲಿಸಿದ್ರೆ ಬಂದ ಕೂದಲು ಉದುರುತ್ತೆ. ಈ ಮಿತಿಗಳನ್ನ ಔಷಧಿ ಜೊತೆ ಬರೋ ಚೀಟಿಯೇ ಒಪ್ಪಿಕೊಳ್ಳುತ್ತೆ.

ನಮ್ಮ ದೇಶದ ಔಷಧ ನಿಯಮಗಳಲ್ಲೂ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಅದರಲ್ಲಿ ಬೋಳುತಲೆನೂ ಇದೆ. ಪಟ್ಟಿಯಲ್ಲಿರೋದನ್ನ ವಾಸಿ ಮಾಡ್ತೀವಿ ಅಂತ ಯಾವ ಔಷಧಿಯೂ ಹೇಳಿಕೊಳ್ಳೋ ಹಾಗಿಲ್ಲ.

ಕ್ಲಿನಿಕ್‌ನಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ: "ಇದು ಯಾರಿಗೆ ಕೆಲಸ ಮಾಡಲ್ಲ? ನಿಲ್ಲಿಸಿದ್ರೆ ಏನಾಗುತ್ತೆ?"

"ನೂರಕ್ಕೆ ನೂರು ಗ್ಯಾರಂಟಿ ಸರ್" ಅಂದ್ರು.

ಎದ್ದು ಬಂದೆ. ಕೂದಲು ಇನ್ನೂ ಉದುರ್ತಾನೇ ಇದೆ, ಸುಳ್ಳು ಹೇಳಲ್ಲ. ಈ ಶನಿವಾರ ಚರ್ಮರೋಗ ತಜ್ಞರ ಹತ್ರ ಹೋಗ್ತಿದೀನಿ. ಅವರಿಗೂ ಅದೇ ಎರಡು ಪ್ರಶ್ನೆ.