ತಿಂಡಿಯ ಪೆಟ್ಟಿಗೆಯೊಳಗಿನ ಆಟಿಕೆಗಳು

ಇತಿಹಾಸವೆಂದೊಡನೆ ಶಿಲಾಶಾಸನ, ನಾಣ್ಯ, ತಾಮ್ರಪಟಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ತಿಂಡಿಯೊಡನೆ ಮಗುವಿನ ಕೈಸೇರಿದ ತಗಡಿನ ಸೀಟಿಯೊಂದನ್ನು ಆ ಪಂಕ್ತಿಯಲ್ಲಿ ಕುಳ್ಳಿರಿಸುವವರು ವಿರಳ. ಅಮೇರಿಕಾ ದೇಶದಲ್ಲಿ ಅಂಥ ವಸ್ತುಗಳನ್ನು ಶ್ರದ್ಧೆಯಿಂದ ಸಂಗ್ರಹಿಸುವವರಿದ್ದಾರೆಂದು ಕೇಳಿದಾಗ ನಾನೂ ಮೊದಲು ನಕ್ಕವನೇ.

ಜರ್ಮನಿಯಿಂದ ವಲಸೆ ಬಂದ ಫ್ರೆಡರಿಕ್ ರೂಕ್‌ಹೈಮ್ ಎಂಬಾತನು, 1871ರ ಮಹಾ ಅಗ್ನಿಪ್ರಮಾದದ ತರುವಾಯ ಷಿಕಾಗೋ ನಗರದಲ್ಲಿ ಮುಸುಕಿನ ಜೋಳದ ಅರಳನ್ನು ಮಾರತೊಡಗಿದನು. ಸಹೋದರನಾದ ಲೂಯಿಯೂ ಬಂದು ಕೂಡಿಕೊಂಡನು. ಅರಳಿಗೆ ಕಡಲೆಕಾಯಿ ಬೀಜವನ್ನು ಬೆರೆಸಿ, ಕಾಕಂಬಿಯ ಪಾಕ ಹಿಡಿಸಿದ ಇವರ ತಿಂಡಿಗೆ 1896ರಲ್ಲಿ 'ಕ್ರ್ಯಾಕರ್ ಜ್ಯಾಕ್' ಎಂಬ ಹೆಸರಾಯಿತು. 1899ರಲ್ಲಿ ತೇವ ತಾಗದಂತೆ ಮೇಣದ ಕಾಗದದಿಂದ ಮುಚ್ಚಿದ ಪೆಟ್ಟಿಗೆ ಬಂದಿತು. 1910ರಲ್ಲಿ ಅದರೊಳಗೆ ಚೀಟಿಗಳನ್ನಿಟ್ಟು, ಅವನ್ನು ಕೂಡಿಸಿ ಕಳುಹಿಸಿದವರಿಗೆ ಮನೆವಾರ್ತೆಯ ಸಾಮಾನುಗಳನ್ನು ಕೊಡುತ್ತಿದ್ದರು. ಹಾಗೆ ಕಾದುಕೊಂಡಿರುವ ಸೈರಣೆ ದೊಡ್ಡವರಿಗುಂಟು, ಮಕ್ಕಳಿಗೆಲ್ಲಿಯದು? 1912ರಿಂದ ಆಟಿಕೆಯನ್ನೇ ಪೆಟ್ಟಿಗೆಯೊಳಗಿಡತೊಡಗಿದರು.

ಸೀಟಿ, ಬುಗುರಿ, ಬೆರಳುದ್ದದ ಪುಸ್ತಕ, ತಗಡಿನ ಬಂಡಿ, ಸೀಸದ ಬೊಂಬೆ! ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕೆ ಅಭಾವವುಂಟಾದಾಗ ಕಾಗದವೇ ಗತಿಯಾಯಿತು. ಯುದ್ಧಾನಂತರ ಪ್ಲಾಸ್ಟಿಕ್ ಬಂದಿತು. ಒಂದು ಆಟಿಕೆ ಯಾವ ಕಾಲದ್ದೆಂಬುದನ್ನು ಅದರ ದ್ರವ್ಯವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಆದರೆ ಅನೇಕವುಗಳ ಮೇಲೆ ಹೆಸರಿಲ್ಲದಿರುವುದರಿಂದ, ಅವು ಆ ಪೆಟ್ಟಿಗೆಯವೇ ಹೌದೇ ಎಂಬುದು ಸಂಗ್ರಾಹಕರಲ್ಲಿ ಮುಗಿಯದ ಚರ್ಚೆ.

ಬೇಸ್‌ಬಾಲ್ ಆಟಗಾರರ ಚಿತ್ರಪತ್ರಗಳ ವಿಚಾರವು ಇನ್ನೂ ಸ್ವಾರಸ್ಯವಾದುದು. 1914ರಲ್ಲಿ 144, ಮರುವರ್ಷ 176 ಚಿತ್ರಗಳು ಹೊರಟವು. ಟೈ ಕಾಬ್‌ನಂಥ ಪ್ರಸಿದ್ಧರು ಅವುಗಳಲ್ಲಿದ್ದರು. ಮೊದಲ ವರ್ಷದವು ತಿಂಡಿಯೊಡನೆಯೇ ಇದ್ದುದರಿಂದ ಪಾಕದ ಕಲೆ ಹತ್ತಿದವು. ಎರಡನೆಯ ವರ್ಷದ ಕಂತೆಯನ್ನು ಅಂಚೆಯ ಮೂಲಕವೂ ತರಿಸಿಕೊಳ್ಳಬಹುದಾಗಿದ್ದುದರಿಂದ, ನಿರ್ಮಲವಾಗಿ ಉಳಿದವು ಹೆಚ್ಚು. ಕಲೆಯಿಲ್ಲದ 1914ರ ಚಿತ್ರಕ್ಕೆ ಈಗ ಬಹಳ ಬೆಲೆ. ನನಗಾದರೋ ಕಲೆ ಹತ್ತಿದುದೇ ಹೆಚ್ಚಿನದಾಗಿ ತೋರುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನಮ್ಮ ತಾರ್ಕಿಕರ ಪದ್ಧತಿಯಷ್ಟೆ; ಈ ಕಲೆಯಿಂದ ಅಂಟುಗೈಯ ಮಗುವೊಂದನ್ನು ಊಹಿಸಬಹುದು.

ಮಕ್ಕಳ ಕೈಗೆ ಸಿಕ್ಕಿದ್ದು ಒಡೆಯುವುದು, ಕಳೆಯುವುದು ಸಹಜ. ಉಳಿದದ್ದು ಅಪೂರ್ವವಾಯಿತು. 1918ರಿಂದ ಪೆಟ್ಟಿಗೆಯ ಮೇಲೆ ಬಂದ ನಾವಿಕವೇಷದ ಬಾಲಕನಿಗೆ ರೂಕ್‌ಹೈಮ್ ಮನೆತನದ ರಾಬರ್ಟನೇ ಮಾದರಿಯೆಂದು ಪ್ರಸಿದ್ಧಿಯಿದೆ. ಆ ಹುಡುಗನು ಎಂಟನೆಯ ವಯಸ್ಸಿನಲ್ಲಿ ಶ್ವಾಸಕೋಶದ ಜ್ವರದಿಂದ ತೀರಿಕೊಂಡನು. ಚಿತ್ರದಲ್ಲಿ ಮಾತ್ರ ನಾಯಿಯೊಡನೆ ಇಂದಿಗೂ ನಿಂತಿದ್ದಾನೆ.

1997ರಲ್ಲಿ ಈ ತಿಂಡಿಯು ಫ್ರಿಟೋ-ಲೇ ಸಂಸ್ಥೆಯ ಕೈಸೇರಿತು. 2016ರಲ್ಲಿ ಆ ಸಂಸ್ಥೆಯವರು ಆಟಿಕೆಯನ್ನು ನಿಲ್ಲಿಸಿ, ದೂರವಾಣಿ ಯಂತ್ರದಲ್ಲಿ ಆಟ ತೆರೆಯುವ ಸಂಕೇತದ ಚೀಟಿಯನ್ನಿಟ್ಟರು. ಇದು ನನಗೆ ರುಚಿಸಲಿಲ್ಲ. ಆದರೆ ದೂರುವ ಅಧಿಕಾರವೂ ನನಗಿಲ್ಲ. ನಾನು ಉಪಾಧ್ಯಾಯನಾಗಿದ್ದಾಗ, ಕುರುಕಲು ತಿಂಡಿಯ ಪೊಟ್ಟಣಗಳಲ್ಲಿ ಬರುತ್ತಿದ್ದ ಬಣ್ಣದ ಬಿಲ್ಲೆಗಳನ್ನು ಹುಡುಗರ ಜೇಬಿನಿಂದ ತೆಗೆಸಿ ಮೇಜಿನ ಖಾನೆಗೆ ಹಾಕುತ್ತಿದ್ದೆನು. ಖಾನೆ ತುಂಬಿದೊಡನೆ ಕಸದ ಬುಟ್ಟಿಗೆ. ವರ್ಷಾಂತ್ಯದಲ್ಲಿ ಹುಡುಗನೊಬ್ಬನು ಬಾಗಿಲಲ್ಲಿ ನಿಂತು, "ಸಾರ್, ನನ್ನವು ಹನ್ನೊಂದಿದ್ದವು" ಎಂದನು. ಕೊಡಲು ನನ್ನಲ್ಲಿ ಒಂದೂ ಇರಲಿಲ್ಲ.