ಯಾರ ಹೊಟ್ಟೆಯ ಉಳಿತಾಯ?

ನಾನು ಕಾರವಾರದಲ್ಲಿ ಡಿಗ್ರಿ ಓದ್ತಿದ್ದಾಗ ದೊಡ್ಡ ಮನುಷ್ಯರೊಬ್ಬರು ಬಂದು ವಿದ್ಯಾರ್ಥಿಗಳಿಗೆ ಉಳಿತಾಯದ ಮೇಲೆ ಭಾಷಣ ಮಾಡಿದರು. ಹೋಟೆಲ್ ಚಹಾ ಬಿಡಿ, ಸಿನಿಮಾ ಬಿಡಿ, ದಿನದ ಖರ್ಚನ್ನೆಲ್ಲ ಒಂದು ವಹಿಯಲ್ಲಿ ಬರೆದಿಡಿ ಅಂದರು. ನನ್ನ ಹತ್ತಿರ ವಹಿ ಮೊದಲೇ ಇತ್ತು. ಅವ್ವನ ಕೂಲಿ ದುಡ್ಡಿಗೆ ಲೆಕ್ಕ ಒಪ್ಪಿಸಬೇಕಲ್ಲ. ಅದರಲ್ಲಿ ಚಹಾ ಇರಲಿಲ್ಲ, ಸಿನಿಮಾನೂ ಇರಲಿಲ್ಲ. ಬಾಡಿಗೆಯ ಪಾಲು, ಬಸ್ಸು, ಝೆರಾಕ್ಸು, ಪರೀಕ್ಷೆ ಫೀ, ಸಾಬೂನು. ಇದರಲ್ಲಿ ಯಾವುದನ್ನ ಬಿಡಬೇಕಿತ್ತು ಅಂತ ಆ ಮಹನೀಯರು ಹೇಳಲಿಲ್ಲ.

ಅಂಕೋಲೆ ಕಡೆಯ ಹುಡುಗರು ನಾವು ಮೂವರು ಸೇರಿ ರೂಮು ಮಾಡಿದ್ದೆವು. ಚೀಲದಲ್ಲಿ ಊರಿನ ಕುಚ್ಚಿಗೆ ಅಕ್ಕಿ, ಡಬ್ಬಿಯಲ್ಲಿ ಒಣ ಶೆಟ್ಲಿ, ಕಾಗದದಲ್ಲಿ ಸುತ್ತಿದ ಒಣ ಬಂಗಡೆ. ಗಂಜಿಗೆ ಒಂದು ಒಣಮೀನು ಸುಟ್ಟುಕೊಂಡರೆ ತರಕಾರಿಯ ಖರ್ಚಿಲ್ಲ. ಎರಡನೇ ತಿಂಗಳಿಗೆ ಮನೆಯ ಯಜಮಾನರು ವಾಸನೆ ಅಂದರು. ಅವರೂ ಮೀನು ತಿನ್ನುವವರೇ, ತಾಜಾ ಇಸೋಣ ತರುವವರು. ಒಣಮೀನು ಮಾತ್ರ ಆಗ್ತಿರಲಿಲ್ಲ. ಮೂರನೇ ತಿಂಗಳು ನಿಮ್ಮದು ಯಾವ ಜಾತಿ ಅಂತ ಕೇಳಿದರು. ನಾಲ್ಕನೇ ತಿಂಗಳು ಬೇರೆ ರೂಮಿಗೆ ಹೋದೆವು. ಅದರ ಬಾಡಿಗೆ ಹೆಚ್ಚು. ಆ ಹೆಚ್ಚಿನ ದುಡ್ಡನ್ನ ವಹಿಯಲ್ಲಿ ಯಾವ ಬಾಬ್ತಿಗೆ ಬರೆಯಲಿ? ಜಾತಿ ಖರ್ಚು ಅಂತ ಬರೆದೆ.

ಈ ಖರ್ಚು ಹಳೆಯದು ಗೆಳೆಯರೇ. ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ವಾರಾನ್ನದ ಮಾತು ಮತ್ತೆ ಮತ್ತೆ ಬರ್ತದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಬಡ ಬ್ರಾಹ್ಮಣರ ಹುಡುಗರು ಓದಿದರು. ಸುಖದ ಊಟವೇನೂ ಅಲ್ಲ ಅದು. ಯಜಮಾನಿಯ ಮುಖ ನೋಡಿ ಅನ್ನ ಬೇಡಬೇಕು. ಆದರೂ ಏಳು ಮನೆ ಸಿಕ್ಕಿದವನಿಗೆ ಊಟದ ಖರ್ಚು ಸೊನ್ನೆ. ಆ ಏಳು ಮನೆಯ ಅಂಗಳದೊಳಗೆ ಆಗೇರರ ಹುಡುಗ, ಮುಕ್ರಿಯರ ಹುಡುಗ ಕಾಲಿಡಬಹುದಿತ್ತೆ? ಬಡತನ ಇಬ್ಬರದೂ ಒಂದೇ ಅಂತ ಹೇಳುವವರು ಈ ಲೆಕ್ಕವನ್ನೂ ಹಾಕಲಿ.

ಊಟ ಹಾಗಿರಲಿ, ಶಾಲೆಯ ಬಾಗಿಲನ್ನೇ ನೋಡೋಣ. 1856ರ ಜೂನಿನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ಅವನ ಕಡೆ ನ್ಯಾಯ ಇದೆ ಅಂತ ಸರ್ಕಾರ ಒಪ್ಪಿತು. ಒಬ್ಬನಿಗಾಗಿ ಉಳಿದವರನ್ನು ಎದುರು ಹಾಕಿಕೊಂಡರೆ ಶಾಲೆಯೇ ಹಾಳಾಗ್ತದೆ ಅಂತ ಹೇಳಿ ಬಾಗಿಲು ಹಾಕಿತು. ಮೇಲಿನವರು ಇದನ್ನು ಮೆಚ್ಚಲಿಲ್ಲ, ಸರ್ಕಾರದ ಖರ್ಚಿನ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ಆಮೇಲೆ ಕಾಗದದಲ್ಲಿ ಬಂತು. ಕಾಗದ ಕೇರಿಗೆ ಬರಲಿಕ್ಕೆ ಎಷ್ಟು ವರ್ಷ ಹಿಡಿಯಿತು ಅನ್ನೋದು ನಮ್ಮ ಅಜ್ಜಂದಿರ ಹೆಬ್ಬೆಟ್ಟಿಗೆ ಗೊತ್ತು. 1862ರಲ್ಲಿ ನಮ್ಮ ಜಿಲ್ಲೆಯೂ ಮದರಾಸು ಬಿಟ್ಟು ಅದೇ ಮುಂಬಯಿ ಆಡಳಿತಕ್ಕೆ ಸೇರಿತು.

ಬಡ ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೂಲಿ ನಷ್ಟ. ಈ ಸರಳ ಲೆಕ್ಕವನ್ನ ತಿಳಿದವರು ಮಂಗಳೂರಿನ ಕುದ್ಮುಲ್ ರಂಗರಾಯರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದ ಅವರು ಶಾಲೆಗೆ ಬಂದ ದಲಿತ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಉಳಿಸು ಅಂತ ಹೇಳುವ ಮೊದಲು ಉಳಿಸಲಿಕ್ಕೆ ಏನಾದರೂ ಕೈಗೆ ಹಾಕಿದರು.

ಇನ್ನು ಬಾಬಾಸಾಹೇಬರ ಮಾತು. ಲಂಡನ್ನಿನಲ್ಲಿ ಅವರು ಉಪವಾಸ ಬಿದ್ದು ಓದಿದ ಕತೆಯನ್ನ ಪ್ರತಿ ಏಪ್ರಿಲ್ 14ಕ್ಕೆ ಎಲ್ಲರೂ ಹೇಳ್ತಾರೆ. ನಿಜವೇ. 1920ರಲ್ಲಿ ಎರಡನೇ ಸಲ ಅಲ್ಲಿಗೆ ಹೋದಾಗ ಬೆಳಿಗ್ಗೆ ಬ್ರೆಡ್ಡಿನ ತುಂಡು, ಮಧ್ಯಾಹ್ನ ಊಟವಿಲ್ಲದೆ ಗ್ರಂಥಾಲಯ, ರಾತ್ರಿ ಹಸಿವಿಗೆ ಹಪ್ಪಳ. ಆದರೆ ಆ ಪ್ರಯಾಣದ ದುಡ್ಡು ಎಲ್ಲಿಂದ ಬಂತು? ಸಿಡೆನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಉಳಿಸಿದ್ದು ಒಂದು ಪಾಲು. ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಇನ್ನೊಂದು ಪಾಲು. ಮೂರನೆಯ ಪಾಲು ಮುಂಬಯಿಯ ಚಾಳಿನಲ್ಲಿ ಮಕ್ಕಳನ್ನ ಕಟ್ಟಿಕೊಂಡು ಸಂಸಾರ ನಡೆಸಿದ ರಮಾಬಾಯಿಯದು. ಅದನ್ನ ಯಾರೂ ವಹಿಯಲ್ಲಿ ಬರೆಯಲಿಲ್ಲ.

ನನ್ನ ವಹಿಯನ್ನೂ ಒಮ್ಮೆ ರಜೆಯಲ್ಲಿ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬರೋದಿಲ್ಲ, ಲೆಕ್ಕ ಬರ್ತದೆ. ಎಲ್ಲ ಕೇಳಿ, "ಮಧ್ಯಾಹ್ನದ್ದು ಎಲ್ಲದೆ ತಮಾ?" ಅಂದಳು. ನಾನು ಮಾತಾಡಲಿಲ್ಲ. ಮರುದಿನ ಅವಳು ಒಂದು ಸೇರು ಅಕ್ಕಿ ಹೆಚ್ಚು ಕಟ್ಟಿದಳು. ಮನೆಯ ಡಬ್ಬದಲ್ಲಿ ಅದು ಕಡಿಮೆ ಆಯ್ತು, ಅಷ್ಟೆ.

ಅರೆಹೊಟ್ಟೆಯಲ್ಲಿ ಓದಿ ಬಂದ ಅಂಬೇಡ್ಕರ್ ನಮ್ಮ ಹುಡುಗರಿಗೆ ಅರೆಹೊಟ್ಟೆಯ ಉಪದೇಶ ಮಾಡಲಿಲ್ಲ. ಹಾಸ್ಟೆಲು ಕಟ್ಟಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಶುರುವಾಯಿತು, 1925ರಲ್ಲಿ ಅದು ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. 1928ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿಯ ಕೈಯಲ್ಲಿ ಪನವೇಲ, ಠಾಣೆ, ನಾಸಿಕ, ಪುಣೆಯ ಜೊತೆಗೆ ಧಾರವಾಡದ ಹಾಸ್ಟೆಲೂ ಇತ್ತು. ಏಳು ಮನೆ ಸಿಗದವನಿಗೆ ಒಂದು ಮನೆ ಸಿಕ್ಕಿತು. ಅಲ್ಲಿ ಅನ್ನಕ್ಕೆ ಯಾರ ಮುಖವನ್ನೂ ನೋಡಬೇಕಿರಲಿಲ್ಲ.

ಆದರೆ ಅಂಕೋಲೆಯಿಂದ ಧಾರವಾಡ ದೂರ. ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗಬೇಕು. 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಶುರುವಾದರೂ ಕರಾವಳಿಯ ಕೂಲಿಯ ಮಗನಿಗೆ ಘಟ್ಟವೇ ಮೊದಲ ಫೀಜು. ಇಲ್ಲಿ ದಿನಕರ ದೇಸಾಯರನ್ನ ನೆನೆಯಬೇಕು. ಅವರನ್ನ ಚುಟುಕದ ಕವಿ ಅಂತಷ್ಟೇ ಪಠ್ಯದಲ್ಲಿ ಓದಿಸ್ತಾರೆ. ಗೇಣಿದಾರರ ಪರ ನಿಂತದ್ದಕ್ಕೆ 1940ರಲ್ಲಿ ಅವರನ್ನ ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಹೈಸ್ಕೂಲುಗಳನ್ನ ತೆರೆದರು. ಗೋಖಲೆ ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಗೇ ಗೋಖಲೆ ಸೆಂಟೆನರಿ ಕಾಲೇಜು ಬಂತು. ರೂಮಿನ ಬಾಡಿಗೆ, ಮೆಸ್ಸು, ಘಟ್ಟದ ಬಸ್ಸು ಒಂದೇ ಏಟಿಗೆ ಹೋಯಿತು. ಧಾರವಾಡಕ್ಕೆ ಯಾವ ತಂದೆಯೂ ಕಳಿಸದ ಹೆಣ್ಣುಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದರು.

1974ರ ಭೂಸುಧಾರಣೆಯನ್ನೂ ಇದೇ ಪುಟದಲ್ಲಿ ಬರೆಯಬೇಕು. ಒಡೆಯನ ಮನೆಗೆ ಹೋಗ್ತಿದ್ದ ಗೇಣಿ ಭತ್ತ ಒಕ್ಕಲಿನ ಮನೆಯಲ್ಲೇ ನಿಂತಾಗ ಅದರಲ್ಲಿ ಎಷ್ಟೋ ಮಕ್ಕಳ ಪುಸ್ತಕ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವರಿಗೆ, ಉಪ್ಪಿನಾಗರದಲ್ಲಿ ಕಾಲು ಸುಟ್ಟುಕೊಂಡವರಿಗೆ, ಉಳಿಯಲಿಕ್ಕೆ ಭತ್ತವೇ ಇರಲಿಲ್ಲ. ನಮ್ಮ ಮನೆಗೆ ಪದವಿ ಬರಲಿಕ್ಕೆ ನಾನು ಹುಟ್ಟಬೇಕಾದದ್ದು ಅದಕ್ಕೇ.

ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿದ್ದಾಗ. ಇಷ್ಟು ವರ್ಷ ಆದ ಮೇಲೂ ನನ್ನ ಕೊನೇ ವರ್ಷದ ದುಡ್ಡು ಬಂದದ್ದು ಫಲಿತಾಂಶ ಬಂದ ನಂತರ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದವರಿಗೆ ಅಂತ 2013-14ರಲ್ಲಿ ವಿದ್ಯಾಸಿರಿ ಬಂದಾಗ ತಿಂಗಳಿಗೆ 1,500 ರೂಪಾಯಿ, ಅದೂ ಹತ್ತು ತಿಂಗಳಿಗೆ. ಕಡಿಮೆಯೇ. ಆದರೂ ಆ 1,500ರಲ್ಲಿ ಓದು ಮುಗಿಸಿದವರು ನಮ್ಮೂರ ಸುತ್ತ ಇದ್ದಾರೆ.

ನನ್ನ ತಂಗಿ ಈಗ ಕಾರವಾರಕ್ಕೆ ದಿನಾ ಹೋಗಿ ಬರ್ತಾಳೆ, ಒಂದು ದಿಕ್ಕಿಗೆ ಸುಮಾರು 35 ಕಿಲೋಮೀಟರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕಂಡಕ್ಟರ್ ಕೊಡುವುದು ಸೊನ್ನೆ ದರದ ಟಿಕೆಟು. ಬಿಟ್ಟಿ ಬಸ್ಸು ಅಂತ ಪಕ್ಕದಲ್ಲಿ ಕೂತವರು ಕೊಂಕು ಆಡ್ತಾರಂತೆ. ಅವಳು ಕಿಟಕಿ ಕಡೆ ತಿರುಗಿ ನೋಟ್ಸು ಓದ್ತಾಳಂತೆ. ರೂಮು ಹುಡುಕುವ ಕೆಲಸ ಅವಳಿಗೆ ಬರಲಿಲ್ಲ. ಸಂಜೆ ಬಂದು ನಮ್ಮ ಒಲೆಯ ಕೆಂಡದಲ್ಲೇ ಬಂಗಡೆ ಸುಟ್ಟು ಗಂಜಿ ಉಣ್ತಾಳೆ. ವಾಸನೆ ಇಡೀ ಕೇರಿಗೆ ಹೋಗ್ತದೆ.