ಪಿತ್ತಕೋಶದ ಶಸ್ತ್ರಚಿಕಿತ್ಸೆಯೂ ರೋಗಿಯ ವಯಸ್ಸೂ

ವೈದ್ಯಶಾಸ್ತ್ರದ ಇತಿಹಾಸಕಾರರು ಸಾಮಾನ್ಯವಾಗಿ ಯಾವ ಚಿಕಿತ್ಸೆಯನ್ನು ಯಾರು ಮೊದಲು ನಡೆಸಿದರೆಂಬುದನ್ನೇ ವಿಚಾರಿಸುತ್ತಾರೆ. ಅದಕ್ಕೆ ಯಾರನ್ನು ಅರ್ಹರೆಂದೂ ಯಾರನ್ನು ಅನರ್ಹರೆಂದೂ ಎಣಿಸಲಾಯಿತೆಂಬ ಪ್ರಶ್ನೆಯೂ ಅಷ್ಟೇ ಮಹತ್ತ್ವದ್ದೆಂದು ನಮ್ಮ ಅಭಿಪ್ರಾಯ. ಕಿರುರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆಯುವ ವಿಧಾನದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

1882ನೆಯ ಜುಲೈ 15ರಂದು ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖನು 43 ವರ್ಷದ ರೋಗಿಯೊಬ್ಬನ ಉದರವನ್ನು ತೆರೆದು ಪಿತ್ತಕೋಶವನ್ನು ಪೂರ್ತಿಯಾಗಿ ತೆಗೆದನು. ಮುಂದೆ ನೂರು ವರ್ಷ ಇದೇ ಕ್ರಮ ನಡೆಯಿತು. 1985ರ ಸೆಪ್ಟೆಂಬರ್ 12ರಂದು ಅದೇ ದೇಶದ ಬೋಬ್ಲಿಂಗೆನ್ ಪಟ್ಟಣದಲ್ಲಿ ಎರಿಖ್ ಮ್ಯೂಹೆ ತಾನೇ ರೂಪಿಸಿದ ದರ್ಶಕಯಂತ್ರದ ನೆರವಿನಿಂದ ಅದೇ ಕಾರ್ಯವನ್ನು ಸಣ್ಣ ರಂಧ್ರಗಳ ಮೂಲಕ ಸಾಧಿಸಿದನು. ಮರುವರ್ಷ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಅವನಿಗೆ ದೊರೆತುದು ಶಂಕೆಯೇ ಹೊರತು ಮನ್ನಣೆಯಲ್ಲ. ರೋಗಿಯೊಬ್ಬರ ಮರಣದ ನಿಮಿತ್ತ ನ್ಯಾಯಾಲಯದ ವಿಚಾರಣೆಗೂ ಒಳಗಾಗಿ, 1990ರಲ್ಲಿ ದೋಷಮುಕ್ತನಾದನು. 1992ರಲ್ಲಿ ಅದೇ ವೈದ್ಯಸಂಘ ಅವನನ್ನು ಗೌರವಿಸಿತು! ಅಷ್ಟರಲ್ಲಿ ಲಿಯೋನಿನ ಮೂರೆ 1987ರಲ್ಲಿಯೂ ಮುಂಬಯಿಯ ತೆಹೆಮ್‌ಟನ್ ಉದ್ವಾಡಿಯ 1990ರಲ್ಲಿಯೂ ಈ ವಿಧಾನವನ್ನು ಕೈಗೊಂಡಿದ್ದರು.

ವಯಸ್ಸಿನ ಪ್ರಶ್ನೆಯಾದರೋ ಬೇಗನೆ ಇತ್ಯರ್ಥವಾಗಲಿಲ್ಲ. ಈ ವಿಧಾನದಲ್ಲಿ ಇಂಗಾಲಾಮ್ಲ ವಾಯುವನ್ನು ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರು ಪಾದರಸದ ಒತ್ತಡದಲ್ಲಿ ತುಂಬಿ ಉದರವನ್ನು ಹಿಗ್ಗಿಸುತ್ತಾರೆ. ವಪೆ ಮೇಲಕ್ಕೆ ಸರಿದು ಹೃದಯಕ್ಕೂ ಶ್ವಾಸಕೋಶಗಳಿಗೂ ಶ್ರಮವಾಗುತ್ತದೆ. ಆದುದರಿಂದ ವೃದ್ಧರಿಗೆ ಇದು ಸಲ್ಲದೆಂಬ ಭಾವನೆ ಆರಂಭದಲ್ಲಿ ಬಲವಾಗಿದ್ದಿತು. ಅನುಭವ ಬೇರೆಯದನ್ನೇ ತೋರಿಸಿತು. ಪಕ್ಕೆಲುಬಿನ ಕೆಳಗಿನ ದೊಡ್ಡ ಗಾಯದ ನೋವಿನಿಂದ ಆಳವಾಗಿ ಉಸಿರೆಳೆಯಲಾರದೆ, ಕೆಮ್ಮಲಾರದೆ, ನ್ಯುಮೋನಿಯಕ್ಕೆ ತುತ್ತಾಗುವ ಭಯ ವೃದ್ಧರಿಗೇ ಹೆಚ್ಚು. ಕಿರುಗಾಯದ ಪ್ರಯೋಜನವೂ ಅವರಿಗೆ ಅಷ್ಟೇ ಹೆಚ್ಚು.

ಇಷ್ಟಾದರೂ ತರುಣರಿಗೂ ವೃದ್ಧರಿಗೂ ಭೇದವಿಲ್ಲವೆನ್ನಲಾಗದು. ತರುಣರು ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿದ ದಿನ ಬಂದು ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ. ವೃದ್ಧರು ಅನೇಕ ವೇಳೆ ಉರಿಯೂತ ಬಲಿತ ಮೇಲೆ ಬರುತ್ತಾರೆ; ಪಿತ್ತನಾಳದಲ್ಲಿ ಕಲ್ಲು ಸಿಕ್ಕಿರುವುದೂ, ಶಸ್ತ್ರಕ್ರಿಯೆಯ ನಡುವೆ ಉದರವನ್ನು ತೆರೆಯಬೇಕಾಗಿ ಬರುವುದೂ ಅವರಲ್ಲಿ ಹೆಚ್ಚು. ಇದೆಲ್ಲವನ್ನೂ ವಯಸ್ಸಿನ ಫಲವೆಂದೇ ಎಣಿಸುವುದು ನಮಗೆ ಸರಿತೋರದು. ವಯಸ್ಸಿಗೆ ಅಂಜಿ ಮುಂದೂಡಿದ ಚಿಕಿತ್ಸೆ ಕಠಿನವಾಗುತ್ತದೆ; ಆ ಕಾಠಿನ್ಯವೇ ಮತ್ತೆ ವಯಸ್ಸಿನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ.

2018ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು ತೀವ್ರ ಉರಿಯೂತದಿಂದ ಬಳಲುತ್ತಿದ್ದ, ಅಪಾಯ ಹೆಚ್ಚೆಂದು ಎಣಿಸಲಾದ 142 ರೋಗಿಗಳನ್ನು ಪರಿಶೀಲಿಸಿತು. ಇವರಲ್ಲಿ ಬಹುಮಂದಿ ವಯಸ್ಸಾದವರೇ. ಕಿರುರಂಧ್ರ ವಿಧಾನದಲ್ಲಿ ಪಿತ್ತಕೋಶವನ್ನು ತೆಗೆಸಿಕೊಂಡವರಲ್ಲಿ ನೂರಕ್ಕೆ 12 ಮಂದಿ ದೊಡ್ಡ ತೊಡಕುಗಳಿಗೆ ಗುರಿಯಾದರೆ, ಅದನ್ನು ತೆಗೆಯದೆ ಕೇವಲ ನಳಿಗೆಯಿಟ್ಟು ಪಿತ್ತವನ್ನು ಹೊರಹರಿಸಿದವರಲ್ಲಿ 65 ಮಂದಿ ಗುರಿಯಾದರು. ಅತ್ಯಂತ ವಿಷಮಸ್ಥಿತಿಯಲ್ಲಿದ್ದವರನ್ನು ಈ ಅಧ್ಯಯನದಿಂದ ಹೊರಗಿಡಲಾಗಿದ್ದಿತು. ಅಂಥವರ ವಿಷಯದಲ್ಲಿ ನಳಿಗೆಯ ಮಾರ್ಗ ಇನ್ನೂ ಬಳಕೆಯಲ್ಲಿದೆ.